ದೇವರಿಂದಲೇ ತುಂಬಿದ ಇನ್‌ಬಾಕ್ಸ್

ಕೊಂಡಾಪುರದಲ್ಲಿ ನನಗೆಂದೇ ಮೂರು ಬೆಡ್‌ರೂಮಿನ ಫ್ಲಾಟೊಂದು ಕಾದು ಕುಳಿತಿದೆ ಎಂದು ಯಾರೋ ದಿನಕ್ಕೆ ಎರಡು ಸಲ ತಿಳಿಸುತ್ತಿದ್ದರು. ಅಮೀರ್‌ಪೇಟಿನ ಯಾವುದೋ ಕೋಚಿಂಗ್ ಸೆಂಟರಿನವರು ನಲವತ್ತೈದೇ ದಿನದಲ್ಲಿ ನನಗೆ ಸಾಫ್ಟ್‌ವೇರ್ ಕಲಿಸಿಬಿಡುತ್ತೇವೆ ಎನ್ನುತ್ತಿದ್ದರು. ಕೂದಲು ಉದುರುವುದಕ್ಕೆ ಎಣ್ಣೆ, ಅರ್ಧ ದರಕ್ಕೆ ಸೀರೆ, ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದವಳಿಗೆ ಯೋಗ್ಯ ವರ, ಎಲ್ಲವೂ ನನ್ನ ಇಮೇಲಿಗೆ ಬರುತ್ತಿದ್ದವು. ನಾಚಾರಂನ ಒಂದು ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುವ ನಮ್ಮ ಯಜಮಾನರು ಸಂಜೆ ಬಂದು ಚಹಾ ಕೈಗೆತ್ತಿಕೊಂಡರೆ ಮೊದಲ ಪ್ರಶ್ನೆ ಅದೇ.

"ಇವತ್ತ ಎಷ್ಟು ವರಾ ಬಂದ್ವು?"

"ಎರಡ ಬಂದಾವ್ರಿ. ಒಬ್ಬಾಂವ ಡಾಕ್ಟರ್ ಅಂತ."

"ಡಾಕ್ಟರ್ ಆದ್ರ ಬಿಡಬ್ಯಾಡ. ಅವ್ವನ ಮಂಡಿ ನೋವಿಗೆ ಆಗ್ತಾನ."

ಒಳಗಿನ ಕೋಣೆಯಿಂದ ನಮ್ಮ ಅತ್ತೆ, "ಏನೋ ಅದು ನನ್ನ ಮಂಡೀದು?" ಎಂದು ಕೂಗುತ್ತಿದ್ದರು. ಅವರಿಗೆ ಎಂಬತ್ತೊಂದು ವರ್ಷ. ಕಿವಿ ಮಾತ್ರ ನನ್ನ ಕಿವಿಗಿಂತ ಚುರುಕು. ಅದೂ ದೇವರ ದಯೆಯೇ ಎಂದು ನಾನು ಅಂದುಕೊಳ್ಳುತ್ತೇನೆ, ಕೆಲವು ದಿನ ಬಿಟ್ಟು.

ತಪ್ಪು ನನ್ನದೇ. ಮಗಳು ಊರಿನ ಇನ್ನೊಂದು ತುದಿಯ ಕೊಂಡಾಪುರದಲ್ಲಿ ಕೆಲಸಕ್ಕೆ ಸೇರಿ ಅಲ್ಲೇ ಹಾಸ್ಟೆಲಿಗೆ ಹೋಗುವ ಮೊದಲು ನನಗೊಂದು ಇಮೇಲ್ ಮಾಡಿಕೊಟ್ಟಳು. ತನ್ನ ಹಳೆಯ ಲ್ಯಾಪ್‌ಟಾಪನ್ನೂ ಬಿಟ್ಟು ಹೋದಳು. ಕೇಳಿದವರಿಗೆ ಇಲ್ಲ ಎನ್ನುವುದು ನನ್ನಿಂದ ಆಗದ ಕೆಲಸ. ಸೀರೆ ಅಂಗಡಿಯ ಬಾಗಿಲಲ್ಲಿ ನಿಂತ ಹುಡುಗಿ, "ಆಂಟೀ, ಮೀ ಮೇಲ್ ಐಡಿ ಚೆಪ್ಪಂಡಿ, ಲಕ್ಕೀ ಡ್ರಾ ಉಂದಿ" ಎಂದು ತೆಲುಗಿನಲ್ಲಿ ಮೇಲ್ ವಿಳಾಸ ಕೇಳಿದರೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿ, ಅವಳು ಸರಿಯಾಗಿ ಬರೆದಳೋ ಇಲ್ಲವೋ ಎಂದು ಬಗ್ಗಿ ನೋಡಿ ಬರುತ್ತಿದ್ದೆ. ಊದಿನಕಡ್ಡಿ ಮಾರುವವರಿಗೆ ಕೊಟ್ಟೆ. ಬಿಟ್ಟಿ ಜಾತಕ ನೋಡುತ್ತೇವೆ ಎಂದವರಿಗೆ ಕೊಟ್ಟೆ. ಮನೆಗೇ ಪ್ರಸಾದ ಕಳಿಸುತ್ತೇವೆ ಎಂದವರಿಗೆ ಎರಡೂ ಕೈ ಮುಗಿದು ಕೊಟ್ಟೆ. ಪ್ರಸಾದ ಬರಲಿಲ್ಲ. ಮೇಲ್ ಬರತೊಡಗಿತು.

ಪ್ರತಿ ಮೇಲಿನ ಕೆಳಗೆ ಸಣ್ಣ ಅಕ್ಷರದಲ್ಲಿ, ಬೇಡವಾದರೆ ಇಲ್ಲಿ ಒತ್ತಿ ಎಂದಿರುತ್ತದೆ ಎಂದು ಮಗಳು ಹೇಳಿದ್ದಳು. ಒಂದು ಮಧ್ಯಾಹ್ನ ಕೂತು ಮೂವತ್ತು ನಲವತ್ತು ಕಡೆ ಒತ್ತಿದೆ. ಕೆಲವರು ನಿಜವಾಗಿಯೂ ನಿಲ್ಲಿಸಿದರು, ಅವರಿಗೆ ಒಳ್ಳೆಯದಾಗಲಿ. ಉಳಿದವರು ಎರಡು ಪಟ್ಟು ಕಳಿಸಿದರು. ಇಲ್ಲಿ ಒಬ್ಬಾಕೆ ಕೂತು ಓದುತ್ತಾಳೆ ಎಂದು ಅವರಿಗೆ ಖಾತ್ರಿಯಾಗಿತ್ತಂತೆ. ಯಜಮಾನರು ನಕ್ಕಿದ್ದೇ ನಕ್ಕಿದ್ದು. "ಬಾಗಲಾ ತೆಗದು ನಿಂತು, ಮನ್ಯಾಗ ಯಾರೂ ಇಲ್ರಿ ಅಂದಂಗ ಮಾಡೀದಿ ನೋಡು!"

ಇವೆಲ್ಲ ತೆಗೆದು ಎಸೆಯುವಂಥವು. ಎಸೆಯಲಾಗದವು ಬೇರೆ ಇದ್ದವು.

ಜಾತಕದವರು, ಊದಿನಕಡ್ಡಿಯವರು, ಪ್ರಸಾದದವರು, ಇವರಿಂದ ನನ್ನ ವಿಳಾಸ ಪಡೆದ ಇನ್ನು ಯಾರು ಯಾರೋ ದಿನ ಬೆಳಗಾದರೆ ದೇವರ ಪಟ ಕಳಿಸುತ್ತಿದ್ದರು. ಸೋಮವಾರ ಈಶ್ವರ, ಮಂಗಳವಾರ ಅಂಬಾಭವಾನಿ, ಶುಕ್ರವಾರ ಲಕ್ಷ್ಮೀ, ಶನಿವಾರ ಬಾಲಾಜಿ. ಒಂದೊಂದು ಮೇಲಿಗೆ ಐದಾರು ಪಟ, ಮೈತುಂಬ ಬಂಗಾರ, ಹಿಂದೆ ಬೆಳಕು. ಅವುಗಳ ಕೆಳಗೆ ಮಾರುವ ಸಾಮಾನು ಇರುತ್ತಿತ್ತು ಎಂಬುದು ನನಗೆ ಗೊತ್ತಿತ್ತು. ಆದರೆ ಅಳಿಸಲು ಕಸದ ಬುಟ್ಟಿಯ ಚಿತ್ರದ ಮೇಲೆ ಒತ್ತಬೇಕಲ್ಲ? ಲಕ್ಷ್ಮೀಯನ್ನು ಶುಕ್ರವಾರ ಬೆಳಿಗ್ಗೆ, ಸ್ನಾನ ಮಾಡಿದ ಕೈಯಿಂದ, ಕಸದ ಬುಟ್ಟಿಗೆ ಹಾಕುವುದು ಹೇಗೆ?

ಇದನ್ನು ನನಗೆ ಕಲಿಸಿದವರು ಅತ್ತೆ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಮದುವೆ ಮುಗಿದ ಮನೆಯ ಲಗ್ನಪತ್ರಿಕೆಯೊಂದನ್ನು ಒಲೆಗೆ ಹಾಕಲು ಹೋಗಿದ್ದೆ. ಅತ್ತೆ ಓಡಿ ಬಂದು ಕಿತ್ತುಕೊಂಡರು. ಮೂಲೆಯ ಗಣಪನನ್ನು ಕತ್ತರಿಯಿಂದ ಸುತ್ತಲೂ ಕತ್ತರಿಸಿ, ಒಂದು ಹಳೆಯ ಬಟ್ಟೆಯ ಗಂಟಿನಲ್ಲಿ ಇಟ್ಟರು. ಹಳೆಯ ಕ್ಯಾಲೆಂಡರಿನ ದೇವರು, ಬೆಂಕಿಪೊಟ್ಟಣದ ದೇವರು, ಅರಿಷಿಣದ ಪಾಕೀಟಿನ ದೇವರು, ಎಲ್ಲವೂ ಆ ಗಂಟಿಗೆ. ವರ್ಷಕ್ಕೊಮ್ಮೆ ಅದನ್ನು ಅರಳಿಮರದ ಬುಡಕ್ಕೆ ಇಟ್ಟು ಬರುವುದು ನಮ್ಮ ಮನೆಯ ಪದ್ಧತಿ. ಹೀಗೆ ಕಲಿತವಳು ನಾನು. ಆದ್ದರಿಂದ ದೇವರ ಮೇಲ್‌ಗಳನ್ನು ಒಂದೂ ತೆಗೆಯದೆ ಇಟ್ಟುಕೊಂಡೆ. ನಾಲ್ಕು ವರ್ಷ.

ಕಡೆ ಕಡೆಗೆ ಒಂದು ಕೆಂಪು ಗೆರೆ ಕಾಣತೊಡಗಿತು. ನಿಮ್ಮ ಜಾಗ ತುಂಬಿದೆ, ಇನ್ನು ಮೇಲ್ ಬರುವುದಿಲ್ಲ ಎಂದು ಇಂಗ್ಲಿಷಿನಲ್ಲಿ. ಅದನ್ನೂ ನಾನು ಏನೋ ಮಾರಲು ಬಂದದ್ದೇ ಎಂದುಕೊಂಡೆ. ಬಹುಮಾನ ಬಂದಿದೆ ಎನ್ನುವ ಸುಳ್ಳೂ ಅದೇ ಕೆಂಪು ಬಣ್ಣದಲ್ಲಿ ಬರುತ್ತಿತ್ತಲ್ಲ. ಮೇಲ್ ಬರುವುದು ನಿಂತಾಗ, ಅಂತೂ ಕಾಟ ತಪ್ಪಿತು, ಅಂದಿನ ಮಂಗಳಾರತಿಗೆ ಒಂದು ಬತ್ತಿ ಹೆಚ್ಚು ಹಚ್ಚೋಣ ಎಂದು ಹಚ್ಚಿಯೂ ಬಿಟ್ಟೆ.

ಆಷಾಢ ಮುಗಿಯಲು ವಾರವಿತ್ತು. ಶ್ರಾವಣಕ್ಕೆ ನಮ್ಮ ಮನೆಯಲ್ಲಿ ಆ ವರ್ಷ ಒಂದು ದೊಡ್ಡ ಕೆಲಸ ಕಾದಿತ್ತು. ನಮ್ಮ ಮನೆದೇವರು ರಾಯಚೂರು ಕಡೆಯ ಒಂದು ಹಳ್ಳಿಯ ಹನುಮಪ್ಪ. ಶ್ರಾವಣ ಶನಿವಾರ ಅಲ್ಲಿ ಎಲೆಪೂಜೆ ಮಾಡಿಸುತ್ತಾರೆ. ಸಾವಿರಾರು ವೀಳ್ಯದೆಲೆಗಳನ್ನು ಒರೆಸಿ, ಒಂದರ ಮೇಲೊಂದು ಹೊಂದಿಸಿ, ಮೂರ್ತಿಯನ್ನೆಲ್ಲ ಹಸಿರು ಮಾಡುತ್ತಾರೆ. ಒಂದು ಶನಿವಾರಕ್ಕೆ ಒಂದೇ ಮನೆತನ. ವರ್ಷಕ್ಕೆ ಸಿಗುವುದು ನಾಲ್ಕು, ಹೆಚ್ಚೆಂದರೆ ಐದು ಶನಿವಾರ. ಹೆಸರು ಬರೆಸಿದರೆ ಪಾಳಿ ಬರಲು ಐದು ವರ್ಷ ಬೇಕು. ಯಜಮಾನರ ಹೆಸರು, ಅವರ ಫೋನು, ಮಗಳು ಆಗಷ್ಟೇ ಮಾಡಿಕೊಟ್ಟಿದ್ದ ನನ್ನ ಇಮೇಲ್ ಕೊಟ್ಟು ನಾವು ಬರೆಸಿ ಐದು ವರ್ಷವಾಗಿತ್ತು.

ಅತ್ತೆ ಅದೇ ಊರಿಗೆ ಸೊಸೆಯಾಗಿ ಹೋದವರು. ಪ್ರತಿ ಶ್ರಾವಣದಲ್ಲೂ ಬೇರೆಯವರ ಎಲೆಪೂಜೆಗೆ ಬೆಳಗಿನ ಜಾವದಿಂದ ಗುಡಿಯ ಹಿಂದೆ ಕೂತು ಎಲೆ ಒರೆಸಿಕೊಡುತ್ತಿದ್ದರಂತೆ. ಪೂಜೆ ಮುಗಿದು ಪರದೆ ಸರಿಸುವ ಹೊತ್ತಿಗೆ ಮನೆಯಲ್ಲಿ ರೊಟ್ಟಿ ಬಡಿಯುವ ಹೊತ್ತಾಗಿರುತ್ತಿತ್ತು. "ಹನುಮಪ್ಪ ಹಸರ ಉಟ್ಟಿದ್ದು ನಾ ಒಮ್ಮೆನೂ ಸರಿಯಾಗಿ ನೋಡಿಲ್ಲವ್ವ" ಎಂದು ಒಂದು ದಿನ ಅವರೆಕಾಯಿ ಬಿಡಿಸುತ್ತ ಹೇಳಿದ್ದರು. "ಕೈ ಅಷ್ಟ ಹಸರಾಗಿದ್ವು. ಒಮ್ಮೆ ಮುಂದ ಕುಂತು ನೋಡಬೇಕು." ಅವರು ನನ್ನನ್ನು ಕೇಳಿದ್ದು ಇದೊಂದೇ. ಇಷ್ಟು ವರ್ಷದಲ್ಲಿ ಒಂದೇ.

ಪಾಳಿಯ ಸುದ್ದಿ ಬರಲಿಲ್ಲವಲ್ಲ ಎಂದು ನಾನೇ ಗುಡಿಯ ಕಮಿಟಿಗೆ ಫೋನು ಮಾಡಿದೆ. ಗುಮಾಸ್ತರು ಹೆಸರು ಕೇಳಿ ಹುಡುಕಿದರು.

"ಅಕ್ಕಾರ, ನಿಮಗ ಎರಡನೇ ಶನಿವಾರ ಬಂದೈತಿ. ಎರಡ ಸಲ ಮೇಲ್ ಹಾಕೀವಿ. ಎರಡೂ ತಿರುಗಿ ಬಂದಾವ. ಡಬ್ಬಿ ತುಂಬೈತಿ ಅಂತ ತೋರಸ್ತೈತಿ."

"ಫೋನ್ ಮಾಡಬೇಕಿಲ್ಲೇನ್ರಿ?"

"ಮಾಡೀವ್ರಿ. ಆ ನಂಬರ್ ಬಂದ್ ಐತಿ."

ಅದು ಯಜಮಾನರ ಕಾರ್ಖಾನೆಯವರು ಕೊಟ್ಟಿದ್ದ ಹಳೆಯ ನಂಬರು. ಬದಲಾಗಿ ಮೂರು ವರ್ಷವಾಗಿತ್ತು.

"ಹಂಗಾರ ಈಗ ನಾ ಬಾಯಿಲೆ ಹೇಳ್ತೀನ್ರಿ. ನಮಗ ಒಪ್ಪಿಗಿ ಐತಿ. ಬರಕೋರಿ."

"ಬಾಯಿ ಮಾತಿನ್ಯಾಗ ಈಗ ನಡಿಯಂಗಿಲ್ರಿ. ಹೋದ ವರ್ಷ ಹಂಗ ಮಾಡಿ, ಒಂದ ಶನಿವಾರಕ್ಕ ಎರಡು ಮನೆತನದವರು ಎಲಿ ತಗೊಂಡು ಬಂದುಬಿಟ್ರು. ಹನುಮಪ್ಪನ ಮುಂದನ ಜಗಳ. ನಾಳೆ ಹನ್ನೊಂದಕ್ಕ ಕಡೇ ಸಲ ಮೇಲ್ ಬರ್ತೈತಿ, ಮೊದಲ ಬರಸಿದ ವಿಳಾಸಕ್ಕ, ಅದನ್ನ ಈಗ ಬದಲಿಸಾಕ ಬರಂಗಿಲ್ಲ. ಅದರಾಗ ಒಪ್ಪಿಗಿ ಅಂತ ಒತ್ರಿ. ತಿರುಗಿ ಬಂತಂದ್ರ ಮುಂದಿನವರಿಗೆ ಹೋಗ್ತೈತಿ. ಅದು ತಾನಾಗೇ ಹೋಗೋದ್ರಿ, ನಮ್ಮ ಕೈಯಾಗಿಲ್ಲ."

ಮಧ್ಯಾಹ್ನವೇ ಲ್ಯಾಪ್‌ಟಾಪ್ ತೆರೆದು ಕೂತೆ. ಫ್ಲಾಟು, ಕೋಚಿಂಗು, ವರ, ಎಣ್ಣೆ, ಐವತ್ತೈವತ್ತರಂತೆ ಗುರುತು ಹಾಕಿ ಬುಟ್ಟಿಗೆ ಹಾಕಿದೆ. ಸಂಜೆ ಕುಕ್ಕರ್ ಇಡುವ ಹೊತ್ತಿಗೆ ಸಾವಿರಾರು ಹೋಗಿದ್ದವು. ಕೆಂಪು ಗೆರೆ ಮಾತ್ರ ಕೂದಲೆಳೆಯಷ್ಟೂ ಕದಲಿರಲಿಲ್ಲ. ಮಗಳಿಗೆ ಫೋನು ಮಾಡಿದೆ. "ಮಮ್ಮಿ, ಬರೇ ಅಕ್ಷರ ಇದ್ದದ್ದು ಜಾಗಾ ತಿನ್ನಂಗಿಲ್ಲ. ಫೋಟೊ ಇದ್ದದ್ದು ತೆಗಿ" ಎಂದಳು. ಫೋಟೊ ಇದ್ದವು ಯಾವುವೆಂದು ಅವಳಿಗೆ ಹೇಳಲಿಲ್ಲ. ನಕ್ಕಾಳೆಂದು ನಾಚಿಕೆ.

ಮರುದಿನ ಬೆಳಿಗ್ಗೆ ಯಜಮಾನರು ಕೆಲಸಕ್ಕೆ ಹೋದ ಮೇಲೆ ದೇವರಿಗೆ ದೀಪ ಹಚ್ಚಿ ಮತ್ತೆ ಕೂತೆ. ಪರದೆಯ ಮೇಲೆ ಅಂಬಾಭವಾನಿ. ಬೆರಳು ಕಸದ ಬುಟ್ಟಿಯ ಹತ್ತಿರ ಹೋಗುತ್ತದೆ, ವಾಪಸು ಬರುತ್ತದೆ. ಕಣ್ಣಲ್ಲಿ ನೀರು ಬಂದದ್ದು ಗೊತ್ತಾಗಲಿಲ್ಲ. ಅತ್ತೆ ಕೋಲೂರಿಕೊಂಡು ಬಂದು ಪಕ್ಕದ ಕುರ್ಚಿಯಲ್ಲಿ ಕೂತರು.

"ಯಾಕ, ಯಾರ ಹೋದ್ರು?"

"ಯಾರೂ ಹೋಗಿಲ್ರಿ ಅತ್ತಿ. ಹೋಗವಲ್ಲರು, ಅದಕ್ಕ ಅಳಾಕತ್ತೀನಿ."

ಎಲ್ಲವನ್ನೂ ಹೇಳಿದೆ. ಹನುಮಪ್ಪನ ಪತ್ರ ಹೊರಗೆ ನಿಂತಿದೆ, ಒಳಗೆ ದೇವರೇ ತುಂಬಿಕೊಂಡಿದ್ದಾರೆ, ಇವರನ್ನು ಹೊರಗೆ ಹಾಕದೆ ಅವನಿಗೆ ಜಾಗವಿಲ್ಲ ಎಂದೆ. ಅತ್ತೆ ಪರದೆಯ ಹತ್ತಿರ ಬಗ್ಗಿ ನೋಡಿದರು.

"ಚೌತಿಗೆ ಗಣಪ್ಪನ್ನ ತಂದು ಇಟ್ಕೊಂಡು, ಐದನೇ ದಿನಕ್ಕ ನೀರಿಗೆ ಬಿಡ್ತೀವಿಲ್ಲ?"

"ಅದು ಕಳಿಸಿಕೊಡೋದ್ರಿ. ಇದು ಕಸದ ಬುಟ್ಟಿಗೆ ಹಾಕೋದು."

"ಹುಚ್ಚಿ, ಮೊದಲ ಕಳಿಸಿಕೊಡು. ಕಳಿಸಿಕೊಟ್ಟ ಮ್ಯಾಲೆ ಉಳಿಯೋದು ಮಣ್ಣು. ಮಣ್ಣು ಎಲ್ಲಿ ಹಾಕಿದ್ರ ಏನಾತು? ಹೋಗು, ಅಕ್ಕಿ ಅರಿಷಿಣ ತಗೊಂಡ ಬಾ."

ಅಕ್ಷತೆ ತಂದೆ. ಅವರು ಸೆರಗು ಹೊದ್ದು, ಕಣ್ಣು ಮುಚ್ಚಿ ಏನೋ ಅಂದುಕೊಂಡು, ಲ್ಯಾಪ್‌ಟಾಪಿನ ಮೇಲೆ ನಾಲ್ಕು ಕಾಳು ಹಾಕಿದರು. ಎರಡು ಕಾಳು ಗುಂಡಿಗಳ ಸಂದಿಗೆ ಹೋದವು. ಆಮೇಲೆ ನಾನು ಐವತ್ತು ಐವತ್ತಕ್ಕೆ ಗುರುತು ಹಾಕುವುದು, ಅವರು ಕೈ ಮುಗಿದು "ಹೋಗಿ ಬಾರಪ್ಪ" ಎನ್ನುವುದು, ನಾನು ಒತ್ತುವುದು. ನಡುವೆ ತಡೆಯುತ್ತಿದ್ದರು. "ನಿಂದ್ರು, ಇವರ್ಯಾರು ತೆಗದು ತೋರಸು. ಅಯ್ಯ, ಎಲ್ಲಮ್ಮ! ಹೋಗಿ ಬಾರವ್ವ, ಬ್ಯಾಸರಾಗಬ್ಯಾಡ, ಮನಿ ಸಣ್ಣದು." ಒಬ್ಬ ಗಡ್ಡದ ಸ್ವಾಮಿಯನ್ನು ನೋಡಿ, "ಇಂವಗ ಅಕ್ಷತಿ ಬ್ಯಾಡ, ಹಂಗ ಕಳಸು" ಎಂದರು. ನಾನು ನಕ್ಕುಬಿಟ್ಟೆ. ಅವರೂ ನಕ್ಕರು. ಅತ್ತೆಯ ಜೊತೆ ಹೀಗೆ ಮೊಣಕೈಗೆ ಮೊಣಕೈ ತಾಗಿಸಿ ಕೂತು ಎಷ್ಟು ವರ್ಷವಾಗಿತ್ತೋ. ಒಬ್ಬರು ಅಡುಗೆಮನೆಯಲ್ಲಿದ್ದರೆ ಒಬ್ಬರು ಹೊರಗೆ, ಹೀಗೇ ದಿನ ಕಳೆದಿದ್ದವು. ಆ ಎರಡು ತಾಸನ್ನು ದೇವರು ನನಗೆ ಸುಮ್ಮನೆ ಕೊಟ್ಟ. ನಾನು ಕೇಳಿರಲಿಲ್ಲ.

ಹತ್ತೂಮುಕ್ಕಾಲಿಗೆ ಒಂದೂ ಉಳಿಯಲಿಲ್ಲ. ಪರದೆ ಬೋಳು. ಇಬ್ಬರಿಗೂ ಚಹಾ ಮಾಡಿದೆ. ಹನ್ನೊಂದಾಯಿತು. ಏನೂ ಬರಲಿಲ್ಲ. ಹಳ್ಳಿಯ ಗಡಿಯಾರ ಸ್ವಲ್ಪ ಹಿಂದಿರಬಹುದು ಎಂದರು ಅತ್ತೆ. ಹನ್ನೊಂದೂವರೆಯಾಯಿತು. ಮೇಲೆ ನೋಡಿದರೆ ಕೆಂಪು ಗೆರೆ ಹಾಗೇ ಇದೆ.

ಮತ್ತೆ ಫೋನು ಮಾಡಿದ್ದಕ್ಕೆ ಮಗಳು ಮೀಟಿಂಗಿನಿಂದ ಹೊರಗೆ ಬಂದು ಮೆಲ್ಲಗೆ ಮಾತಾಡಿದಳು. "ಮಮ್ಮಿ, ಬುಟ್ಟಿ ಖಾಲಿ ಮಾಡೀದಿ?"

"ಬುಟ್ಟಿಗೆ ಹಾಕೀನಲ್ಲವ್ವ."

"ಬುಟ್ಟಿಗೆ ಹಾಕಿದ್ರ ಆಗಲಿಲ್ಲ. ಬುಟ್ಟೀನೂ ಚೆಲ್ಲಬೇಕು. ತೆಗದಿದ್ದೆಲ್ಲಾ ಮೂವತ್ತ ದಿನಾ ಅದರಾಗ ಕುಂತಿರ್ತಾವ. ಜಾಗಾನೂ ಹಿಡದಿರ್ತಾವ."

ಎಲ್ಲಿ ಒತ್ತಬೇಕೆಂದು ಹೇಳಿದಳು. ಒಂದೇ ಒಂದು ಸಲ ಒತ್ತಿದೆ. ಕೆಂಪು ಗೆರೆ ಸರ್ರನೆ ಇಳಿದು ಮೂಲೆ ಸೇರಿತು. ಉಸಿರು ಬಿಡುವಷ್ಟರಲ್ಲಿ ಟಿಣ್ ಎಂದಿತು. ಅತ್ತೆ ಕೈ ಮುಗಿದರು. ನೋಡಿದರೆ ಕೊಂಡಾಪುರದ ಫ್ಲಾಟು.

ಹನ್ನೆರಡೂಕಾಲಿಗೆ ಗುಮಾಸ್ತರಿಗೆ ಮತ್ತೆ ಫೋನು ಮಾಡಿದೆ. ಅವರ ದನಿಯಲ್ಲೇ ಗೊತ್ತಾಯಿತು.

"ಹನ್ನೊಂದಕ್ಕ ಹೋಗಿತ್ರಿ ಅಕ್ಕಾರ. ತಿರುಗಿ ಬಂತು. ಹನ್ನೆರಡಕ್ಕ ಮುಂದಿನವರಿಗೆ ಹೋತು. ಸಿಂಧನೂರು ಕಡೆಯವರು. ಹತ್ತ ನಿಮಿಷದಾಗ ಒಪ್ಪಿಗಿ ಕಳಿಸಿಬಿಟ್ಟಾರ."

"ನಮ್ಮ ಅತ್ತಿಗೆ ಎಂಬತ್ತೊಂದ್ರಿ" ಎಂದೆ.

"ಗೊತ್ತಾತ್ರಿ" ಎಂದರು ಅವರು. "ನನ್ನ ಕೈಯಾಗ ಇದ್ದಿದ್ರ ಕೊಡ್ತಿದ್ದೆ. ಮತ್ತ ಹೆಸರು ಬರಸ್ರಿ. ಈಗ ಪಾಳಿ ಆರು ವರ್ಷಕ್ಕ ಹೋಗೈತಿ" ಎಂದರು. ಒಳ್ಳೆಯ ಮನುಷ್ಯ. ಗದರಿದ್ದರೆ ನನಗೆ ಸಿಟ್ಟಾದರೂ ಬರುತ್ತಿತ್ತು.

ಅತ್ತೆ ಎದುರಿಗೇ ಕೂತಿದ್ದರು. ಆ ಕಿವಿಗೆ ನಾನು ಹೇಳಬೇಕಾದ್ದೇನೂ ಉಳಿದಿರಲಿಲ್ಲ. ಆದರೂ ಹೇಳಿದೆ. "ನನ್ನ ತಪ್ಪಾತ್ರಿ ಅತ್ತಿ. ಕಂಡಕಂಡವರಿಗೆ ವಿಳಾಸ ಕೊಟ್ಟಾಕಿ ನಾನು. ಬುಟ್ಟಿ ಚೆಲ್ಲಬೇಕು ಅಂತ ನನಗ ತಿಳೀಲಿಲ್ಲ." ಅವರು "ಹ್ಞೂಂ" ಎಂದರು. ಕೋಲು ಹುಡುಕಿ, ಎದ್ದು ತಮ್ಮ ಕೋಣೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಊಟಕ್ಕೆ ಕರೆದರೆ, "ಹಸಿವಿಲ್ಲ" ಎಂದರು. ಸಿಟ್ಟಿನ ಹಸಿವಿಲ್ಲ ಬೇರೆ ಇರುತ್ತದೆ, ದುಃಖದ ಹಸಿವಿಲ್ಲ ಬೇರೆ. ಇದು ದುಃಖದ್ದು. ನಾನೂ ಉಣ್ಣದೆ ಅವರ ಬಾಗಿಲ ಹತ್ತಿರ ನೆಲದ ಮೇಲೆ ಕೂತೆ. ದೇವರಿಗೆ ಏನಾದರೂ ಅನ್ನೋಣವೆಂದರೆ ಅವನ ತಪ್ಪೂ ಇರಲಿಲ್ಲ. ನಾಲ್ಕು ವರ್ಷ ನಾನು ಭಕ್ತಿ ಎಂದುಕೊಂಡದ್ದರಲ್ಲಿ ಸೋಮಾರಿತನ ಎಷ್ಟಿತ್ತು ಎಂದು ಲೆಕ್ಕ ಹಾಕುತ್ತ ಕೂತಿದ್ದೆ. ಒಂದು ವರ್ಷ ಮೊದಲೇ ಅತ್ತೆಯನ್ನು ಕೇಳಿದ್ದರೆ ಸಾಕಿತ್ತು. ಒಂದೇ ಮನೆಯಲ್ಲಿದ್ದು ಕೇಳಿರಲಿಲ್ಲ.

ನಾಲ್ಕು ಗಂಟೆಯ ಹೊತ್ತಿಗೆ ಗೋಡೆಯ ಕಡೆಯಿಂದಲೇ ದನಿ ಬಂತು.

"ಸಿಂಧನೂರಿನವರಾ?"

"ಹೌದ್ರಿ."

"ಅವರೂ ಐದ ವರ್ಷ ಕಾದಿರಬೇಕು. ಅವರ ಮನ್ಯಾಗೂ ಒಬ್ಬಾಕಿ ಮುದುಕಿ ಇರ್ತಾಳ." ಮತ್ತೆ ಸ್ವಲ್ಪ ಹೊತ್ತಿನ ಮೇಲೆ, "ಮೊಸರನ್ನ ಐತೇನು?" ಎಂದರು.

ಒಂದೇ ತಟ್ಟೆಯಲ್ಲಿ ಕಲಸಿ ಇಬ್ಬರೂ ಉಂಡೆವು. ಕೈ ತೊಳೆದ ಮೇಲೆ ಅವರೇ, "ಆ ಮಶೀನ ತಗೊಂಡ ಬಾ, ಹೆಸರು ಬರಸು" ಎಂದರು.

"ಆರು ವರ್ಷ ಆಗ್ತೈತಿ ಅಂತ್ರಿ, ಅತ್ತಿ."

"ಕೇಳೀನಿ. ನಿನ್ನ ಹೆಸರಿಗೆ ಬರಸು."

"ನನ್ನ ಹೆಸರಿಗೆ? ಹೋದ ಸಲ ನಿಮ್ಮ ಮಗನ ಹೆಸರಿಗೆ ಬರಸಿದ್ವಿ."

"ಅಂವಗೇನು ತಿಳೀತೈತಿ? ಅಂವ ಎಲಿ ಅಂದ್ರ ಸುಣ್ಣಾ ಹಚ್ಚಾಂವ. ನಿನ್ನ ಹೆಸರಿಗೆ ಬರಸು. ನಾ ಇದ್ರ ನನ್ನ ಕುರ್ಚಿ ಮ್ಯಾಲೆ ಹೊತ್ತುಕೊಂಡು ಹೋಗ್ರಿ. ಇರಲಿಲ್ಲಂದ್ರ ನೀ ಮುಂದ ಕುಂದ್ರು. ನಡುವ ಎದ್ದು ಯಾರಿಗೂ ಎಲಿ ಒರಸಿ ಕೊಡಾಕ ಹೋಗಬ್ಯಾಡ."

"ಅಷ್ಟೊತ್ತಿಗೆ ನನಗೂ ಮಂಡಿ ನೋವು ಬಂದಿರ್ತೈತ್ರಿ" ಎಂದೆ.

"ಬರ್ಲಿ. ಎರಡು ಕುರ್ಚಿ ಹಾಕಸೂಣು."

ಫಾರಂ ತುಂಬಿದೆ. ಫೋನಿನ ಜಾಗದಲ್ಲಿ ನನ್ನದು, ಯಜಮಾನರದು, ಮಗಳದು, ಮೂರೂ ಹಾಕಿದೆ. ಕಳಿಸಿ ಒಂದು ನಿಮಿಷಕ್ಕೆ ಗುಡಿಯಿಂದ ಮೇಲ್ ಬಂತು. ಒಂದೇ ಸಾಲು. ನಿಮ್ಮ ಹೆಸರು ಪಾಳಿಯಲ್ಲಿ ಸೇರಿದೆ, ಕ್ರಮಸಂಖ್ಯೆ ಇಪ್ಪತ್ತೇಳು. ಅತ್ತೆ ನನ್ನ ಹೆಗಲ ಮೇಲೆ ಕೈಯಿಟ್ಟು ಬಗ್ಗಿ ನೋಡಿದರು. ಅವರಿಗೆ ಓದಲು ಬಾರದು. ನಾನು ಬೆರಳಿಟ್ಟು ಓದಿ ಹೇಳಿದೆ. ಇನ್ನೊಮ್ಮೆ ಓದು ಎಂದರು. ಓದಿದೆ.

"ನಮ್ಮ ಮುಂದ ಇಪ್ಪತ್ತಾರ ಮಂದಿ" ಎಂದರು. "ನಡೀಲಿ, ಅವರದೂ ಆಗಲಿ." ಆಮೇಲೆ, ಸಂಜೆಯ ದೀಪಕ್ಕೆ ಎಣ್ಣೆ ಐತೋ ಇಲ್ಲೋ ನೋಡು ಎಂದು ನನ್ನನ್ನು ಎಬ್ಬಿಸಿದರು.